ಆಕಾಶದಿಂದ ಬಿದ್ದ ಮಾವನ ಎಡೆ

ಸಜ್ಜಲಪಲ್ಲಿಯ ಭಾರತಮ್ಮನಿಗೆ ಇಬ್ಬರು ಮಾವಂದಿರು. ಒಬ್ಬರು ಗಂಡನ ಅಪ್ಪ. ರಾಗಿ ಬೆಳೆದು, ಬೀಡಿ ಸೇದಿ, ಮೊಮ್ಮಕ್ಕಳನ್ನು ಎತ್ತಿ ಆಡಿಸಿ ಹೋದವರು. ಇನ್ನೊಬ್ಬರು ಆಕಾಶದಿಂದ ಬಿದ್ದವರು. ಈ ಎರಡನೆಯವರ ಹೆಸರು ಯಾರಿಗೂ ಗೊತ್ತಿಲ್ಲ, ಊರು ಗೊತ್ತಿಲ್ಲ, ಮುಖವನ್ನು ಸರಿಯಾಗಿ ಕಂಡವರೂ ಇಲ್ಲ. ಆದರೆ ಮದುವೆಯಾಗಿ ಬಂದ ವರ್ಷದಿಂದ ಇವತ್ತಿನವರೆಗೆ ಭಾರತಮ್ಮ ತಲೆ ಕೆಡಿಸಿಕೊಂಡಿರುವುದು, ಮುನಿಸಿಕೊಂಡಿರುವುದು, ಒಬ್ಬಳೇ ಕೂತು ಬೈದಿರುವುದು ಎಲ್ಲ ಈ ಎರಡನೆಯ ಮಾವನ ಸಲುವಾಗಿಯೇ. ಮೊದಲನೆಯವರು ಪಾಪ, ಹಾಕಿದ್ದು ಉಂಡುಕೊಂಡು ಸುಮ್ಮನಿದ್ದರು.

ಭಾರತಮ್ಮನಿಗೆ ಈಗ ಅರವತ್ತು ದಾಟಿದೆ. ತಾಯಲೂರಿನಿಂದ ಒಳಕ್ಕೆ ಹೋದರೆ ಸಿಗುವ ಈ ಸಣ್ಣ ಊರಿನಲ್ಲಿ ಸೀಮೆಹಸು, ಹಿಪ್ಪುನೇರಳೆ, ಟೊಮೆಟೊ, ಕಡಲೆಕಾಯಿ ಎಲ್ಲವನ್ನೂ ಒಂದೇ ಕೈಯಲ್ಲಿ ತೂಗಿಸಿಕೊಂಡು ಹೋಗುವ ಹೆಂಗಸು. ಆಕೆಗಿರುವ ಕಾಯಿಲೆ ಒಂದೇ, ನಗು. ಶುರುವಾದರೆ ಮುಗಿಯಿತು, ನಿಲ್ಲುವುದಿಲ್ಲ. ಮದುವೆಯ ದಿನ ಪುರೋಹಿತರ ಕನ್ನಡಕ ಜಾರಿ ತುಪ್ಪದ ಬಟ್ಟಲಿಗೆ ಬಿತ್ತೆಂದು ನಗಲು ಹಿಡಿದವಳು ತಾಳಿ ಕಟ್ಟಿಸಿಕೊಳ್ಳುವಾಗಲೂ ಕಿಸಕಿಸ ಅನ್ನುತ್ತಲೇ ಇದ್ದಳು. ಹುಡುಗಿಗೆ ಏನೋ ಐಬಿದೆ ಎಂದು ಗಂಡಿನ ಕಡೆಯವರು ಪಿಸುಗುಟ್ಟಿದರು. ಅತ್ತೆ ವೆಂಕಟರತ್ನಮ್ಮ ಮಾತ್ರ ಕಿವಿಯ ಹತ್ತಿರ ಬಗ್ಗಿ, ನಗು ಬಂದರೆ ಸೆರಗು ಕಚ್ಚಿಕೊ, ನಾನೂ ಹಾಗೆಯೇ ಇಷ್ಟು ವರ್ಷ ತಳ್ಳಿದ್ದೇನೆ ಎಂದಳು. ಅವತ್ತಿನಿಂದ ಅತ್ತೆ ಸೊಸೆ ಇಬ್ಬರೂ ಒಂದು ಪಕ್ಷ, ಉಳಿದ ಮನೆಯವರೆಲ್ಲ ಇನ್ನೊಂದು ಪಕ್ಷ.

ಎರಡನೆಯ ಮಾವನ ಕತೆಯನ್ನು ಭಾರತಮ್ಮನಿಗೆ ಹೇಳಿದವಳೂ ಈ ಅತ್ತೆಯೇ. ಆ ಮನೆಗೆ ಬಂದ ಸೊಸೆಯರೆಲ್ಲ ಆ ಕತೆ ಕೇಳಲೇಬೇಕು, ಅದೂ ಹಿರಿಯರ ಹಬ್ಬದ ಹಿಂದಿನ ದಿನ, ಬೆಳ್ಳುಳ್ಳಿ ಬಿಡಿಸುತ್ತಾ. ಕತೆ ಹೀಗಿದೆ.

ಲಡಾಯಿ ಕಾಲ. ಲಡಾಯಿ ನಡೆಯುತ್ತಿದ್ದದ್ದು ಎಲ್ಲೋ ಬರ್ಮಾದ ಕಡೆ. ಇಲ್ಲಿಯ ಬಯಲಿನ ಮೇಲೆ ದಿನಾ ಬಂದು ಸುತ್ತು ಹೊಡೆಯುತ್ತಿದ್ದದ್ದು ಹಾರುವುದನ್ನು ಕಲಿಯುವವರ ವಿಮಾನಗಳು. ವೆಂಕಟರತ್ನಮ್ಮ ಆಗ ಹದಿನಾಲ್ಕರ ಹೊಸ ಸೊಸೆ. ತವರು ಸುಗಟೂರಿನ ಕಡೆ, ಅಲ್ಲಿ ಅವರ ಮನೆಯಲ್ಲಿ ಬರೀ ಕನ್ನಡ. ಇಲ್ಲಿ ಗಡಿಯ ಮಗ್ಗುಲಲ್ಲಿ ಬಾಯಿ ಬಿಟ್ಟರೆ ಅರ್ಧ ತೆಲುಗು. ಬಂದು ತಿಂಗಳಾಗಿತ್ತು ಅಷ್ಟೆ. ಒಂದು ದಿನ ಬೆಳಿಗ್ಗೆ ಕಡಲೆಕಾಯಿ ಹೊಲದಲ್ಲಿ ಕಳೆ ಕೀಳುತ್ತಿದ್ದಾಗ ಒಂದು ವಿಮಾನ ಮೇಲೆ ಗೊರಗೊರ ಕೆಮ್ಮಿತು, ಹುಣಸೆಮರದ ನೆತ್ತಿ ಸವರಿಕೊಂಡು ಬಂದು ಹೊಲಕ್ಕೆ ಮೂಗು ಊರಿತು. ಬಾಂಬು ಬಾಂಬು ಎಂದು ಹೊಲದಲ್ಲಿದ್ದವರೆಲ್ಲ ದಿಕ್ಕಾಪಾಲಾಗಿ ಓಡಿದರು. ಹೊಸ ಸೊಸೆಗೆ ಎತ್ತ ಓಡಬೇಕು ಅನ್ನುವುದೇ ಗೊತ್ತಾಗಲಿಲ್ಲ. ಹಾಗಾಗಿ ಅವಳೊಬ್ಬಳೇ ಅಲ್ಲಿ ಉಳಿದಳು.

ಹೊಗೆಯೊಳಗಿಂದ ಬಿಳಿಯ ದೊರೆ ಹೊರಗೆ ಬಂದು ಬಿದ್ದಿದ್ದರು. ತಲೆಗೆ ಚರ್ಮದ ಟೋಪಿ, ಕಣ್ಣಿಗೆ ದಪ್ಪ ಕನ್ನಡಕ, ಮುಖವೆಲ್ಲ ಮಸಿ. ತುಟಿ ಮಾತ್ರ ಕಾಣುತ್ತಿತ್ತು. "ಅಮ್ಮಾ, ನೀಳ್ಳು" ಅಂದರು. ಕತೆಯ ಈ ಭಾಗಕ್ಕೆ ಬಂದಾಗ ವೆಂಕಟರತ್ನಮ್ಮ ಪ್ರತಿ ಸಲವೂ ಎದೆಯ ಮೇಲೆ ಕೈಯಿಟ್ಟುಕೊಂಡು, ಪುಣ್ಯಕ್ಕೆ ಆ ಮಾತನ್ನು ನಾನು ಅದೇ ತಿಂಗಳು ಕಲಿತಿದ್ದೆ, ಈ ಮನೆಯಲ್ಲಿ ಕಲಿತ ಮೊದಲ ಮಾತೇ ಅದು, ಅರ್ಥವಾಗದೆ ಹೋಗಿದ್ದರೆ ಏನು ಗತಿ ಅನ್ನುತ್ತಿದ್ದಳು. ಬಾವಿಗೆ ಓಡಿ ಬೊಗಸೆಯಲ್ಲಿ ನೀರು ತಂದಳು. ಅರ್ಧ ದಾರಿಯಲ್ಲೇ ಚೆಲ್ಲಿತು. ಉಳಿದದ್ದನ್ನು ಬಾಯಿಗೆ ಬಿಟ್ಟಳು. ದೊರೆ ಒಂದು ಗುಟುಕು ನುಂಗಿದರು. ಎರಡನೆಯದು ಹಾಗೆಯೇ ಹೊರಗೆ ಬಂತು. ಆಮೇಲೆ ಮಿಲಿಟರಿ ಲಾರಿ ಬಂತು, ಕಂಬಳಿಯಲ್ಲಿ ಸುತ್ತಿಕೊಂಡು ಹೋದರು. ಒಂದು ಮೊಳೆಯೂ ಉಳಿಯದಂತೆ ವಿಮಾನವನ್ನೂ ಹೊತ್ತುಕೊಂಡು ಹೋದರು. ಅಷ್ಟು ದೊಡ್ಡ ದೊರೆ ತನ್ನನ್ನು ಅಮ್ಮಾ ಅಂದರಲ್ಲ ಎಂದು ಆ ಹದಿನಾಲ್ಕರ ಹುಡುಗಿಗೆ ಆದ ಹೆಮ್ಮೆ ಮುದುಕಿಯಾದರೂ ಇಳಿಯಲಿಲ್ಲ.

ಬಾಯಿಗೆ ಕೊನೆಯ ನೀರು ಬಿಟ್ಟಿರುವುದು ನಮ್ಮ ಮನೆಯ ಹೆಣ್ಣುಮಗಳು, ಆದ್ದರಿಂದ ಎಡೆ ಇಡುವುದೂ ನಮ್ಮ ಮನೆಗೇ ಸೇರಿದ್ದು ಎಂದು ಆಗಿನ ಹಿರಿಯರು ತೀರ್ಮಾನಿಸಿದರು. ಅಲ್ಲಿಂದ ಶುರುವಾಯಿತು. ಮಹಾಲಯ ಅಮಾವಾಸ್ಯೆಯ ದಿನ, ಈ ಕಡೆಯವರು ಪೆದ್ದಲ ಹಬ್ಬ ಎನ್ನುವ ಆ ಹಬ್ಬದಲ್ಲಿ, ಮನೆಯ ಹಿರಿಯರಿಗೆಲ್ಲ ಹೊಸಬಟ್ಟೆ ಇಟ್ಟು, ಅವರು ಇಷ್ಟಪಡುತ್ತಿದ್ದದ್ದನ್ನೆಲ್ಲ ಬೇಯಿಸಿ ಬಡಿಸಿ, ಅವರ ಪಾಲನ್ನು ಮಾಳಿಗೆಯ ಮೇಲೆ ಕಾಗೆಗೆ ಇಡುತ್ತಾರೆ. ಕಾಗೆ ಮುಟ್ಟಿದರೆ ಹಿರಿಯರು ಉಂಡ ಹಾಗೆ. ದೊರೆಯ ಎಲೆ ಮಾತ್ರ ಮಾಳಿಗೆಯ ಮೇಲಲ್ಲ, ಹೊಲದ ಬದುವಿನ ಬಂಡೆಯ ಮೇಲೆ, ಅವರು ಬಿದ್ದ ಜಾಗದಲ್ಲಿ. ಮತ್ತು ಇಲ್ಲಿಯೇ ಇರುವುದು ತೊಂದರೆ. ಮಾಳಿಗೆಯ ಮೇಲೆ ಇಟ್ಟದ್ದಕ್ಕೆ ಕಾಗೆಗಳು ಕಿತ್ತಾಡುತ್ತವೆ. ಬಂಡೆಯ ಮೇಲಿನ ಎಲೆಗೆ ಇಷ್ಟು ವರ್ಷಗಳಲ್ಲಿ ಒಂದು ಕಾಗೆಯಾದರೂ ಕೊಕ್ಕು ತಾಗಿಸಿದ್ದಿಲ್ಲ.

ದೊರೆ ಏನು ತಿನ್ನುತ್ತಾರೋ ಯಾರಿಗೆ ಗೊತ್ತು? ಮೊದಮೊದಲು ಮುಳಬಾಗಿಲಿನಿಂದ ಬನ್ನು ತರಿಸಿದರು, ನೀರಿನ ಬದಲು ಟೀ ಇಟ್ಟರು. ಆಮೇಲೆ ಬ್ರೆಡ್ಡು, ಆಮ್ಲೆಟ್ಟು. ಭಾರತಮ್ಮನ ಮೈದುನ ಕೋದಂಡರಾಮಪ್ಪ ಬಸ್ಸಿನ ಕಂಡಕ್ಟರಾದ ಮೇಲಂತೂ ದೊರೆಯ ವಿಷಯದಲ್ಲಿ ಅವನು ಹೇಳಿದ್ದೇ ವೇದ. ಆವಣಿ ಬೆಟ್ಟ ನೋಡಲು ಬಂದ ಇಬ್ಬರು ಬಿಳಿಯರು ಒಂದು ಸಲ ಅವನ ಬಸ್ಸು ಹತ್ತಿದ್ದರು, ಅಷ್ಟರಲ್ಲೇ ಅವನಿಗೆ ಅವರ ಕುಲಗೋತ್ರವೆಲ್ಲ ತಿಳಿದುಹೋಗಿತ್ತು. ದೊರೆಗಳು ಕೈಯಲ್ಲಿ ತಿನ್ನುವುದಿಲ್ಲ ಎಂದು ಎಲೆಯ ಪಕ್ಕ ಚಾಕು, ಮುಳ್ಳುಚಮಚ ಇಡಿಸಿದ. ಬರೀ ನೀರು ದೊರೆಗಳ ಹೊಟ್ಟೆಗೆ ಆಗಿಬರುವುದಿಲ್ಲ ಎಂದು ಟೀ ಲೋಟದ ಪಕ್ಕ ಸೋಡಾ ಇಡಿಸಿದ. ಸಿಗರೇಟು ಹಚ್ಚಿ ಊದುಬತ್ತಿಯ ಜೊತೆ ಸಿಕ್ಕಿಸಿದ. ಒಂದು ಕ್ವಾರ್ಟರ್ ಬ್ರಾಂದಿಯನ್ನೂ ಇಡಿಸಿದ. ಎಡೆ ಮುಗಿದ ಮೇಲೆ ಅದನ್ನು ಚೆಲ್ಲಬಾರದು ಅನ್ನುವ ಶಾಸ್ತ್ರವನ್ನೂ ಅವನೇ ಕಂಡುಹಿಡಿದ. ಥಳಥಳಿಸುವ ಚಾಕು, ಮುಳ್ಳುಚಮಚ, ಮೇಲೆ ಸಿಗರೇಟಿನ ಹೊಗೆ. ಯಾವ ಕಾಗೆ ತಾನೇ ಹತ್ತಿರ ಬರುತ್ತದೆ ಎಂದು ಆ ಮನೆಯಲ್ಲಿ ಒಬ್ಬರಿಗೂ ಹೊಳೆಯಲಿಲ್ಲ.

ಭಾರತಮ್ಮನ ಕಾಲಕ್ಕೆ ಕೇಕು ಬಂತು. ಮುಳಬಾಗಿಲಿನ ಬೇಕರಿಯವನು ಯಾರ ಹೆಸರು ಬರೆಯಲಿ ಎಂದು ಕೇಳಿದ. ದೊರೆ ಅಂತ ಬರಿ ಎಂದಳು. ಹಬ್ಬದ ದಿನ ಬಂಡೆಯ ಮೇಲೆ ಡಬ್ಬ ಬಿಚ್ಚಿದರೆ ಕೆಂಪು ಕ್ರೀಮಿನಲ್ಲಿ ಹ್ಯಾಪಿ ಬರ್ತ್‌ಡೇ ದೊರೆ ಎಂದು ಬರೆದಿತ್ತು. ಸತ್ತವರ ಎಡೆಗೆ ಹುಟ್ಟುಹಬ್ಬ! ಎಲ್ಲರೂ ಕೈಮುಗಿದು ಕಣ್ಣು ಮುಚ್ಚಿ ನಿಂತಿದ್ದಾರೆ, ಭಾರತಮ್ಮ ಸೆರಗು ಕಚ್ಚಿ ಕಚ್ಚಿ ಸೆರಗೇ ಒದ್ದೆಯಾಯಿತು. ಪಕ್ಕಕ್ಕೆ ನೋಡಿದರೆ ಅತ್ತೆಯೂ ಸೆರಗು ಕಚ್ಚಿಕೊಂಡು ಗಡಗಡ ಅಲುಗುತ್ತಿದ್ದಳು. ಹೋದ ವರ್ಷ ಮಗ ವೆಂಕಟ್ ಹೆದ್ದಾರಿಯ ಹೋಟೆಲಿನಿಂದ ಪಿಜ್ಜಾ ತಂದ. ಅದನ್ನು ಡಬ್ಬದ ಸಮೇತ ಬೀದಿನಾಯಿ ಎಳೆದುಕೊಂಡು ಹೋಯಿತು.

ಬಟ್ಟೆಯದ್ದು ಇನ್ನೊಂದು ಪೇಚು. ಹಿರಿಯರಿಗೆ ಇಟ್ಟ ಹೊಸಬಟ್ಟೆಯನ್ನು ಆಮೇಲೆ ಮನೆಯವರು ಉಡಬೇಕು. ದೊರೆಗೆ ಪಂಚೆ ಇಡುವುದಕ್ಕಾಗುತ್ತದೆಯೇ? ಪ್ಯಾಂಟು, ತುಂಬುತೋಳಿನ ಶರಟು, ಒಂದು ವರ್ಷ ಟೈ, ಒಂದು ವರ್ಷ ಹ್ಯಾಟು. ಅದೆಲ್ಲ ಬರುತ್ತಿದ್ದದ್ದು ಭಾರತಮ್ಮನ ಗಂಡ ಮುನಿಶಾಮಿಯ ಮೈಮೇಲೆ. ಹುಟ್ಟಿದಾಗಿನಿಂದ ಪಂಚೆ ಬಿಟ್ಟು ಬೇರೆ ಉಡದ ಆ ಮನುಷ್ಯ ಪ್ರತಿ ವರ್ಷ ಹಬ್ಬದ ಮಾರನೆಯ ದಿನ ಸೂಟು ಬೂಟಿನಲ್ಲಿ ಕ್ಯಾನು ಹಿಡಿದು ಡೈರಿಗೆ ಹಾಲು ಹಾಕಲು ಹೋಗಬೇಕಿತ್ತು. ಸಾಲಿನಲ್ಲಿ ನಿಂತವರು ದೊರೆ ಬಂದ ದಾರಿ ಬಿಡ್ರಪ್ಪೋ ಎನ್ನುತ್ತಿದ್ದರು. ಮುನಿಶಾಮಿ ಮಾತು ಕಡಿಮೆಯ ಮನುಷ್ಯ. ತಲೆ ತಗ್ಗಿಸಿ ಹಾಲು ಅಳೆಸಿ ಬರುತ್ತಿದ್ದ.

ಗೋಡೆಯ ಮೇಲೆ ಹಿರಿಯರ ಫೋಟೊಗಳ ಸಾಲಿನಲ್ಲಿ ದೊರೆಯದ್ದೂ ಒಂದಿದೆ. ಅವರ ಫೋಟೊ ಎಲ್ಲಿಂದ ಬರಬೇಕು? ಯಾವುದೋ ಕಾಲದ ಸೂಟಿನ ಬಟ್ಟೆ ಅಂಗಡಿಯ ಕ್ಯಾಲೆಂಡರಿನಲ್ಲಿ ಪೈಪು ಸೇದುತ್ತಾ ನಿಂತಿದ್ದ ಒಬ್ಬ ಬಿಳಿಯನನ್ನು ಕತ್ತರಿಸಿ, ಚೌಕಟ್ಟು ಹಾಕಿಸಿ, ಹಾರ ಹಾಕಿದ್ದರು. ಬೆಳ್ಳನೆಯ ಮೀಸೆ, ನಡುವಯಸ್ಸು, ನೋಡಿದರೆ ಕೈಮುಗಿಯಬೇಕು ಅನ್ನಿಸುವ ಆಸಾಮಿ. ಭಾರತಮ್ಮನ ಮನಸ್ಸಿನಲ್ಲಿ ಎರಡನೆಯ ಮಾವ ಎಂದರೆ ಅದೇ ಮುಖ. ಬಂಡೆಯ ಹತ್ತಿರ ಹೋದಾಗಲೆಲ್ಲ ತಲೆಯ ಮೇಲೆ ಸೆರಗು ಎಳೆದುಕೊಂಡು, ಹಿರಿಯರ ಮುಂದೆ ನಿಲ್ಲುವಂತೆ ಅರ್ಧ ತಿರುಗಿ ನಿಲ್ಲುತ್ತಿದ್ದಳು.

ಇಷ್ಟೆಲ್ಲ ನಗೆಪಾಟಲಿನ ನಡುವೆ ಒಂದು ಮುಳ್ಳು ಮಾತ್ರ ಅವಳಲ್ಲಿ ಉಳಿದುಕೊಂಡಿತ್ತು. ಕೆಲವು ವರ್ಷಗಳ ಹಿಂದೆ ವೆಂಕಟರತ್ನಮ್ಮ ಹಾಸಿಗೆ ಹಿಡಿದಾಗ, ಕೊನೆಗೆ ಸೊಸೆಯ ಕೈ ಹಿಡಿದು ಕೇಳಿದ್ದು ಚಿನ್ನದ ಮಾತಲ್ಲ, ಹೊಲದ ಮಾತಲ್ಲ. "ದೊರೆ ಹಸ್ಕೊಂಡೇ ಹೋಗ್ತಾವ್ರೆ ಕಣೇ ಪ್ರತಿ ವರ್ಷ. ನನ್ನ ಕೈಯಲ್ಲಿ ಆಗ್ಲಿಲ್ಲ. ಒಂದೇ ಒಂದ್ಸಲ ಕಾಗೆ ಮುಟ್ಟೋ ಹಂಗೆ ಮಾಡು" ಎಂದಳು. ಮಾಡ್ತೀನಿ ಅತ್ತೆ ಎಂದಿದ್ದಳು ಭಾರತಮ್ಮ. ಅವತ್ತು ನಗು ಬಂದಿರಲಿಲ್ಲ. ಕೊಟ್ಟ ಮಾತು ಉಳಿಸಿಕೊಳ್ಳದೆ ತಾನೂ ಫೋಟೊ ಸಾಲಿಗೆ ಸೇರಿಬಿಟ್ಟರೆ ಮೇಲೆ ಅತ್ತೆಗೆ ಏನೆಂದು ಮುಖ ತೋರಿಸುವುದು ಎಂದು ಪ್ರತಿ ಅಮಾವಾಸ್ಯೆಗೂ ಅವಳು ತನ್ನನ್ನೇ ಕೇಳಿಕೊಳ್ಳುತ್ತಿದ್ದಳು.

ಈ ವರ್ಷ ಮನೆಗೆ ಹೊಸ ಸೊಸೆ ಬಂದಳು. ವೆಂಕಟ್‌ನ ಹೆಂಡತಿ, ಹೆಸರು ಚಂದನ. ತಿಪಟೂರಿನ ಕಡೆಯವಳು, ಅವಳ ಏಳು ತಲೆಮಾರಿನಲ್ಲಿ ಯಾರೂ ತೆಲುಗು ಕೇಳಿದವರಲ್ಲ. ಈ ಮನೆಯಲ್ಲಿ ಮಾತು ಕನ್ನಡದಲ್ಲಿ ಶುರುವಾಗಿ ನಡುವೆಯೇ ಯಾವಾಗ ತೆಲುಗಿಗೆ ಹಾರುತ್ತದೆ ಅನ್ನುವುದು ಮಾತಾಡುವವರಿಗೇ ಗೊತ್ತಾಗುವುದಿಲ್ಲ. ಪಾಪದ ಹುಡುಗಿ ಮೊದಲ ವಾರವೆಲ್ಲ ಪಿಳಿಪಿಳಿ ಕಣ್ಣು ಬಿಟ್ಟುಕೊಂಡು ಕೂತಿದ್ದಳು. ಆಮೇಲೆ ಹಠ ಹಿಡಿದು ಒಂದೊಂದೇ ಮಾತು ಕಲಿಯತೊಡಗಿದಳು. ಹೊಸ ಮಾತು ಕಿವಿಗೆ ಬಿದ್ದರೆ ಸಾಕು, ಅತ್ತೆ ಹಂಗಂದ್ರೇನು ಎಂದು ಬೆನ್ನು ಹತ್ತುವಳು.

ಹಬ್ಬದ ಹಿಂದಿನ ದಿನ ಮಧ್ಯಾಹ್ನ. ಪದ್ಧತಿಯಂತೆ ಅತ್ತೆ ಸೊಸೆ ಜಗುಲಿಯ ಮೇಲೆ ಕೂತು ಬೆಳ್ಳುಳ್ಳಿ ಬಿಡಿಸುತ್ತಿದ್ದರು. ಈ ಸಲ ದೊರೆಗೆ ಬರ್ಗರ್ ಇಡೋಣ ಎಂದು ವೆಂಕಟ್ ಹೇಳಿ ಹೋಗಿದ್ದ. ಭಾರತಮ್ಮ ತನ್ನ ಅತ್ತೆಯಿಂದ ಕಲಿತ ಹಾಗೆಯೇ, ಒಂದು ಮಾತು ಆಚೀಚೆಯಾಗದಂತೆ, ಕತೆ ಹೇಳಿದಳು. ವಿಮಾನ ಕೆಮ್ಮಿತು, ಹುಣಸೆಮರ ಸವರಿತು, ಎಲ್ಲರೂ ಓಡಿದರು, ದೊರೆ ಅಮ್ಮಾ ನೀಳ್ಳು ಅಂದರು. ಎದೆಯ ಮೇಲೆ ಕೈಯಿಟ್ಟುಕೊಂಡು, ಪುಣ್ಯಕ್ಕೆ ಅತ್ತೆ ಆ ಮಾತನ್ನು ಅದೇ ತಿಂಗಳು ಕಲಿತಿದ್ದರು ಎಂದಳು.

ಚಂದನಳ ಮುಖ ಅರಳಿತು. ಅವಳೂ ಈ ಮನೆಯಲ್ಲಿ ಮೊದಲು ಕಲಿತದ್ದು ಅದೇ ಮಾತು. ಗೊತ್ತಿರುವ ಪ್ರಶ್ನೆಗೆ ಕೈಯೆತ್ತುವ ಶಾಲೆಯ ಹುಡುಗಿಯ ಹಾಗೆ ಕೇಳಿದಳು.

"ಅತ್ತೆ, ನೀಳ್ಳು ಅಂದ್ರೆ ತೆಲುಗು ಅಲ್ವಾ?"

"ಹೂಂ ಕಣೇ."

"ಮತ್ತೆ ದೊರೆಗೆ ತೆಲುಗು ಹೆಂಗೆ ಬರ್ತಿತ್ತು?"

ಭಾರತಮ್ಮ ಉತ್ತರ ಹೇಳಲು ಬಾಯಿ ತೆರೆದವಳು ಮನಸ್ಸಿನಲ್ಲೇ ಕತೆಯನ್ನು ಮತ್ತೆ ಮೊದಲಿನಿಂದ ಓಡಿಸಿದಳು. ಅಲ್ಲಿಗೆ ಬಂದಾಗ ದೊರೆ ಮತ್ತೆ ಅದನ್ನೇ ಅಂದರು. ಕನ್ನಡ ಯಾವುದು ತೆಲುಗು ಯಾವುದು ಎಂದು ಬೇರೆ ಮಾಡದೆ ಬದುಕಿದ ಮನೆ ಅದು. ಹುಟ್ಟಿದಾಗಿನಿಂದ ಕೇಳಿದ ಗಂಡಸರು, ಬಂದು ಸೇರಿದ ಹೆಂಗಸರು, ಊರ ತುಂಬ ಹಂಚಿದ ಬಾಯಿಗಳು, ಅಷ್ಟೂ ಜನರಲ್ಲಿ ಒಬ್ಬರಿಗೂ ಬಿಳಿಯ ದೊರೆ ಯಾಕಪ್ಪ ತೆಲುಗಿನಲ್ಲಿ ನೀರು ಕೇಳಿದ ಅನ್ನಿಸಲಿಲ್ಲ. ಇನ್ನೂ ಬೆಳ್ಳುಳ್ಳಿ ಬಿಡಿಸಲು ಸರಿಯಾಗಿ ಬಾರದ ತಿಪಟೂರಿನ ಹುಡುಗಿಗೆ ಅನ್ನಿಸಿತು.

ಹೊಟ್ಟೆಯ ತಳದಿಂದ ನಗು ಎದ್ದಿತು. ಸೆರಗು ಹುಡುಕುವಷ್ಟು ಪುರುಸೊತ್ತೂ ಸಿಗಲಿಲ್ಲ. ಬೆಳ್ಳುಳ್ಳಿಯ ಮೊರ ಮಗುಚಿತು, ಭಾರತಮ್ಮ ಜಗುಲಿಯ ಕಂಬ ಹಿಡಿದುಕೊಂಡು ನಕ್ಕಳು. ಕೊಟ್ಟಿಗೆಯ ಹಸುಗಳು ತಿರುಗಿ ನೋಡಿದವು. ಚಾಕು, ಮುಳ್ಳುಚಮಚ ನೆನೆದು ನಕ್ಕಳು, ಗಂಡನ ಹ್ಯಾಟು ನೆನೆದು ನಕ್ಕಳು, ಹ್ಯಾಪಿ ಬರ್ತ್‌ಡೇ ನೆನೆದು ನೆಲಕ್ಕೇ ಕೂತಳು. ತಾನೇನು ತಪ್ಪು ಮಾತಾಡಿದೆನೋ ಎಂದು ಚಂದನ ಕಕ್ಕಾಬಿಕ್ಕಿಯಾದಳು. ನಗುತ್ತಾ ನಗುತ್ತಾ ಭಾರತಮ್ಮನ ಕಣ್ಣಲ್ಲಿ ಬಂದ ನೀರು ಯಾವಾಗ ನಗುವಿನದ್ದಲ್ಲದೆ ಹೋಯಿತೋ ಅವಳಿಗೇ ತಿಳಿಯಲಿಲ್ಲ.

"ನಮ್ ಕಡೆ ಹುಡ್ಗ ಕಣೇ ಅವ್ನು. ನಮ್ ಕಡೆ ಹುಡ್ಗನ್ನ ಇಷ್ಟು ವರ್ಷ ಬನ್ನು ಕೊಟ್ಟು ಕಳ್ಸಿದ್ದೀವಲ್ಲೇ" ಎಂದಳು.

ಸಂಜೆ ಮನೆಯವರೆಲ್ಲ ಸೇರಿದಾಗ ದೊಡ್ಡ ಪಂಚಾಯ್ತಿಯೇ ಆಯಿತು. ಕೋದಂಡರಾಮಪ್ಪ ಸುತರಾಂ ಒಪ್ಪಲಿಲ್ಲ. ದೊರೆ ತೆಲುಗಿನವನಾಗಿಬಿಟ್ಟರೆ ಅವನ ಇಷ್ಟು ವರ್ಷದ ಪಾಂಡಿತ್ಯದ ಗತಿಯೇನು, ಬ್ರಾಂದಿಯ ಗತಿಯೇನು? ಅಮ್ಮ ಕತೆ ಹೇಳುವಾಗ ತೆಲುಗು ಮಾಡಿಕೊಂಡಿರುತ್ತಾಳೆ, ದೊರೆ ವಾಟರ್ ಅಂದಿರುತ್ತಾನೆ ಎಂದ. ಭಾರತಮ್ಮ ಅದಕ್ಕೆ, ಅತ್ತೆಗೆ ಆಗ ತೆಲುಗೇ ಬರುತ್ತಿರಲಿಲ್ಲ, ಇನ್ನು ಇಂಗ್ಲಿಷು ಎಲ್ಲಿಂದ ತಿಳಿಯಬೇಕು, ತಾನು ಕಲಿತಿದ್ದ ಒಂದೇ ಮಾತನ್ನು ಅವರು ಅಂದರು ಅಂತಲೇ ಅತ್ತೆ ಬಾವಿಗೆ ಓಡಿದ್ದು ಎಂದಳು. ಕೋದಂಡರಾಮಪ್ಪ ಸ್ವಲ್ಪ ಹೊತ್ತು ತಲೆ ಕೆರೆದು, ಚಿನ್ನದ ಗಣಿಯಲ್ಲಿ ದೊರೆಗಳಿಗೆ ತೆಲುಗು ತಮಿಳು ಎಲ್ಲ ಬರುತ್ತಿತ್ತು, ಇವನೂ ಅಂಥವನೇ ಇರಬೇಕು ಎಂದು ಇನ್ನೊಂದು ದಾರಿ ಹಿಡಿದ.

"ಕೋದಂಡಪ್ಪಾ, ಪ್ರಾಣ ಹೋಗೋವಾಗ ಯಾರಾನಾ ಕಲ್ತಿದ್ ಮಾತಾಡ್ತಾರಾ? ಅಮ್ಮನ್ ಹತ್ರ ಆಡಿದ್ ಮಾತೇ ಬರೋದು. ಅವ್ನು ಅಮ್ಮಾ ಅಂದ" ಎಂದಳು ಭಾರತಮ್ಮ.

ಮೂಲೆಯಲ್ಲಿ ಕೂತಿದ್ದ ಮುನಿಶಾಮಿ ಆ ವರ್ಷ ಮೊದಲ ಸಲ ತಾನಾಗಿ ಬಾಯಿ ಬಿಟ್ಟು, ಹಾಗಾದ್ರೆ ಈ ಸಲ ಪಂಚೆ ಇಡಬಹುದಲ್ಲ ಎಂದು ಕೇಳಿದ. ಪಂಚೆಯೇ ಎಂದು ಭಾರತಮ್ಮ ಹೇಳಿದಾಗ ಅವನ ಮುಖ ನೋಡಬೇಕಿತ್ತು. ಆಮೇಲೆ ಎಲ್ಲರ ಕಣ್ಣೂ ಗೋಡೆಯ ಕಡೆಗೆ ಹೊರಳಿತು. ಪೈಪು ಹಿಡಿದ ಸೂಟಿನ ದೊರೆ ಹಾರ ಹಾಕಿಕೊಂಡು ಇವರನ್ನೇ ನೋಡುತ್ತಿದ್ದ. ಹಾಗಾದರೆ ಈತ ಯಾರು? ಬದುಕಿದ್ದಾನೋ ಸತ್ತಿದ್ದಾನೋ? ಬದುಕಿದ್ದವನಿಗೆ ಹಾರ ಹಾಕಿಟ್ಟಿದ್ದೇವಾ ಎಂದು ವೆಂಕಟ್ ಕೇಳಿದಾಗ ಮತ್ತೆ ಮನೆಯೆಲ್ಲ ನಗು. ತೆಗೆದುಹಾಕೋಣವೇ ಎಂದರೆ ಭಾರತಮ್ಮನಿಗೆ ಮನಸ್ಸು ಬರಲಿಲ್ಲ, ಇಷ್ಟು ವರ್ಷ ನಮ್ಮ ಮನೆಯಲ್ಲಿ ಇದ್ದವನು ಈಗ ಎಲ್ಲಿಗೆ ಹೋಗುತ್ತಾನೆ ಎಂದಳು. ಕೊನೆಗೆ ಹಾರ ಮಾತ್ರ ತೆಗೆದರು.

ಇನ್ನು ಅಡುಗೆ. ಹುಡುಗ ತೆಲುಗಿನವನು ಎಂದಷ್ಟೇ ಗೊತ್ತು. ಯಾವ ಜನ, ಯಾವ ಮನೆ, ಏನು ತಿನ್ನುವವನು? ಬ್ರಾಹ್ಮಣರ ಹುಡುಗನಾಗಿದ್ದರೆ ಇಷ್ಟು ವರ್ಷ ಆಮ್ಲೆಟ್ಟು ಇಟ್ಟದ್ದಕ್ಕೆ ನಾವೆಲ್ಲ ಎಲ್ಲಿಗೆ ಹೋಗುತ್ತೇವೋ ಎಂದು ಕೋದಂಡರಾಮಪ್ಪ ಹೆದರಿಸಿದ. ವಿಮಾನ ಓಡಿಸುವಷ್ಟು ಓದಿದ ಮನೆಯವರು ಅನ್ನ ತಿನ್ನುತ್ತಿದ್ದರು, ರಾಗಿ ಮುಟ್ಟುತ್ತಿರಲಿಲ್ಲ ಎಂದ ವೆಂಕಟ್. ಭಾರತಮ್ಮ ಎಲ್ಲ ಕೇಳಿಸಿಕೊಂಡು, ರಜೆಗೆ ಮನೆಗೆ ಬಂದ ಮಗನಿಗೆ ಅವರಮ್ಮ ಏನು ಮಾಡುತ್ತಿದ್ದಳೋ ಅದನ್ನೇ ಮಾಡುತ್ತೇನೆ ಎಂದಳು. ಆ ಅಮ್ಮ ಏನು ಮಾಡುತ್ತಿದ್ದಳು ಎಂದು ಯಾರಿಗೂ ಗೊತ್ತಿರಲಿಲ್ಲ. ಭಾರತಮ್ಮ ತನ್ನನ್ನೇ ಕೇಳಿಕೊಂಡಳು. ಬಿಸಿ ಮುದ್ದೆ, ದಂಟಿನ ಸೊಪ್ಪಿನ ಬಸ್ಸಾರು, ಕಡಲೆಕಾಯಿ ಹುರಿದು ಹಸಿಮೆಣಸಿನಕಾಯಿ ಹಾಕಿ ರುಬ್ಬಿದ ಊರುಬಿಂಡಿ, ಒಂದು ಹಿಡಿ ಅನ್ನ, ಮೊಸರು. ಬರ್ಗರು ವೆಂಕಟ್‌ನ ಹೊಟ್ಟೆಗೇ ಹೋಯಿತು.

ಹಬ್ಬದ ದಿನ ಮಾಳಿಗೆಯ ಮೇಲಿನ ಎಡೆಯನ್ನು ಕಾಗೆಗಳು ಎಂದಿನಂತೆ ಕಿತ್ತಾಡಿ ತಿಂದವು. ಭಾರತಮ್ಮ ತಟ್ಟೆ ಹೊತ್ತು ಹೊಲದ ಕಡೆ ಹೊರಟಳು, ಹಿಂದೆ ಮನೆಯವರೆಲ್ಲ. ಕೋದಂಡರಾಮಪ್ಪ ಹಿಂದುಗಡೆ ಕೈ ಕಟ್ಟಿಕೊಂಡು ಬರುತ್ತಿದ್ದ. ಕೈಯಲ್ಲೇನು ಎಂದು ಭಾರತಮ್ಮ ಕೇಳಿದರೆ ಏನಿಲ್ಲ ಎಂದ. ಇಪ್ಪತ್ತು ವರ್ಷದ ಹುಡುಗನಿಗೆ ಅದೆಲ್ಲ ಬೇಡ ಎಂದು ಅವಳು ಅಂದಾಗ, ಅವನು ಕಾಲೆಳೆಯುತ್ತಾ ಹೋಗಿ ಕ್ವಾರ್ಟರನ್ನು ಹೊಂಗೆಮರದ ಬುಡದಲ್ಲಿ ಇಟ್ಟುಬಂದ. ಇಪ್ಪತ್ತು ಎಂದು ಬಾಯಿಗೆ ಬಂದದ್ದು ಹಾಗೆ ಸುಮ್ಮನೆ. ಆದರೆ ಅಂದ ಮೇಲೆ ಭಾರತಮ್ಮನ ಕಾಲು ಒಂದು ಕ್ಷಣ ನಿಂತಿತು. ಹಾರುವುದು ಕಲಿಯುವವನು ಎಂದರೆ ಅಷ್ಟೇ ಇರಬೇಕಲ್ಲ ವಯಸ್ಸು, ತನ್ನ ವೆಂಕಟ್‌ಗಿಂತ ಎಷ್ಟು ಚಿಕ್ಕವನು.

ಬಂಡೆ ತೊಳೆದು ಎಲೆ ಹಾಸಿದಳು. ಹೊಸ ಪಂಚೆ, ಟವೆಲು ಪಕ್ಕದಲ್ಲಿ. ಚಾಕು ಇಲ್ಲ, ಮುಳ್ಳುಚಮಚ ಇಲ್ಲ, ಸಿಗರೇಟಿಲ್ಲ. ಮುದ್ದೆ ಇಟ್ಟು, ನಡುವೆ ಗುಳಿ ಮಾಡಿ ಸಾರು ಬಿಟ್ಟಳು. ಅಭ್ಯಾಸಬಲದಿಂದ ಸೆರಗು ತಲೆಯ ಮೇಲೆ ಎಳೆದುಕೊಂಡವಳು ಅರ್ಧಕ್ಕೆ ನಿಲ್ಲಿಸಿದಳು. ಈ ಚಿಕ್ಕ ಹುಡುಗನ ಮುಂದೆ ಯಾವ ಮರ್ಯಾದೆಯ ಸೆರಗು? ಸೆರಗನ್ನು ಸೊಂಟಕ್ಕೆ ಸಿಕ್ಕಿಸಿ, ಬಂಡೆಯ ಪಕ್ಕ ಕುಕ್ಕರಗಾಲಲ್ಲಿ ಕೂತು, ಬಾ ಮಗ ಮುದ್ದೆ ಉಣ್ಣು ಬಾ ಎಂದು ಅವನ ಮಾತಿನಲ್ಲೇ ಕರೆದಳು.

"ದಾ ನಾಯನಾ, ಸಂಗಟಿ ತಿಂದುವು ದಾ."

ಕಾಗೆ ಬಂತು. ಬಂದು ಹುಣಸೆಮರದ ಮೇಲೆ ಕೂತಿತು. ಎಲೆಯನ್ನು ನೋಡಿತು, ಕತ್ತು ಕೊಂಕಿಸಿ ಇನ್ನೊಂದು ಕಣ್ಣಿನಿಂದಲೂ ನೋಡಿತು. ಕೆಳಗಿಳಿಯಲಿಲ್ಲ. ಹೊತ್ತು ಹೋಯಿತು. ಮುದ್ದೆಯ ಮೇಲಿನ ಹಬೆ ಆರಿತು. ನೋಡಿದಿರಾ, ಇವನು ದೊರೆಯೇ, ನಾನು ಹೇಳಲಿಲ್ಲವಾ ಎಂದು ಕೋದಂಡರಾಮಪ್ಪ ಗೊಣಗಿದ. ಭಾರತಮ್ಮನಿಗೆ ಅತ್ತೆ ಹಾಸಿಗೆಯಲ್ಲಿ ಮಲಗಿ ಕೈ ಹಿಡಿದದ್ದು ನೆನಪಾಯಿತು. ಇನ್ನೇನು ಬೇಕೋ ನಿನಗೆ, ನಿನ್ನ ಮಾತಲ್ಲೇ ಕರೆದೆ, ನಿಮ್ಮಮ್ಮನ ಅಡುಗೆ ಮಾಡಿದೆ, ಬಾಯಿಬಿಟ್ಟು ಹೇಳಬಾರದಾ ಎಂದು ಮನಸ್ಸಿನಲ್ಲೇ ಬೈದಳು.

ಬೈದ ಮೇಲೆ ಅವಳಿಗೆ ಹೊಳೆಯಿತು. ಅವನು ಬಾಯಿಬಿಟ್ಟು ಹೇಳಿದ್ದ. ಹೇಳಿದ್ದು ಒಂದೇ ಮಾತು. ಅದನ್ನು ಈ ಮನೆಯವರು ವರ್ಷವರ್ಷವೂ ಬೆಳ್ಳುಳ್ಳಿ ಬಿಡಿಸುತ್ತಾ ಒಬ್ಬರಿಗೊಬ್ಬರು ಹೇಳಿಕೊಂಡು, ಬಂಡೆಯ ಮೇಲೆ ಟೀ ಇಟ್ಟರು, ಸೋಡಾ ಇಟ್ಟರು, ಬ್ರಾಂದಿ ಇಟ್ಟರು. ಎಲೆಯ ಮೇಲೆ ಕಣ್ಣು ಹಾಯಿಸಿದಳು. ಇವತ್ತೂ ಅದೊಂದೇ ಇರಲಿಲ್ಲ.

"ಚಂದನಾ, ನೀಳ್ಳು" ಎಂದಳು ಭಾರತಮ್ಮ.

ಹೊಸ ಸೊಸೆಗೆ ಅರ್ಥ ಹೇಳಬೇಕಾಗಿರಲಿಲ್ಲ. ಚಂದನ ಸೀರೆ ಎತ್ತಿ ಹಿಡಿದು ಓಡಿದಳು. ಹಳೆಯ ಬಾವಿ ಬತ್ತಿ ಯಾವ ಕಾಲವಾಯಿತೋ. ಅದರ ಪಕ್ಕದ ಬೋರ್‌ವೆಲ್ಲಿನ ತೊಟ್ಟಿಗೆ ಎರಡೂ ಕೈ ಅದ್ದಿದಳು. ಚೊಂಬು ತರುವುದನ್ನು ಮರೆತಿದ್ದಳು. ಬೊಗಸೆ ಹಿಡಿದುಕೊಂಡು ಬದುವಿನ ಮೇಲೆ ಎಡವುತ್ತಾ ಬಂದಳು. ಅರ್ಧ ನೀರು ದಾರಿಯಲ್ಲೇ ಚೆಲ್ಲಿತು. ಉಳಿದದ್ದನ್ನು ಬಂಡೆಯ ಮೇಲಿನ ಸಣ್ಣ ಗುಳಿಗೆ, ಎಲೆಯ ಪಕ್ಕ ಬಿಟ್ಟಳು.

ಕಾಗೆ ಇಳಿಯಿತು. ಮೊದಲು ಗುಳಿಯಲ್ಲಿ ಕೊಕ್ಕು ಅದ್ದಿ, ಕತ್ತೆತ್ತಿ ಒಂದು ಗುಟುಕು ನುಂಗಿತು. ಎರಡನೆಯ ಗುಟುಕನ್ನೂ ನುಂಗಿತು. ಆಮೇಲೆ ಎಲೆಯ ಹತ್ತಿರ ಕುಪ್ಪಳಿಸಿ ಮುದ್ದೆಗೆ ಬಾಯಿ ಹಾಕಿತು. ಅದು ಒಂದು ಸಲ ಕಾ ಎಂದದ್ದೇ ತಡ, ಮಾಳಿಗೆಯ ಮೇಲಿದ್ದವೆಲ್ಲ ಬಂದು ಬಿದ್ದವು. ಒಂದು ಮುದ್ದೆ ಎಳೆಯಿತು, ಒಂದು ಊರುಬಿಂಡಿಗೆ ಬಾಯಿಟ್ಟು ಖಾರಕ್ಕೆ ತಲೆ ಕೊಡವಿ ಮತ್ತೆ ಅದಕ್ಕೇ ಬಾಯಿಟ್ಟಿತು, ಒಂದು ಹೊಸ ಪಂಚೆಯ ಮೇಲೆಯೇ ನಿಂತು ಮೊಸರು ಚೆಲ್ಲಿತು. ನನ್ನ ಪಂಚೆ ಎಂದು ಮುನಿಶಾಮಿ ಮುಂದೆ ಹೋದವನು ಹೆಂಡತಿಯ ಮುಖ ನೋಡಿ ಹಿಂದೆ ಸರಿದ. ಭಾರತಮ್ಮ ನಗುತ್ತಿದ್ದಳು. ಸೆರಗು ಸೊಂಟದಲ್ಲಿತ್ತು, ಕಚ್ಚಿಕೊಳ್ಳುವುದಕ್ಕೆ ಏನೂ ಇರಲಿಲ್ಲ, ಬೇಕಾಗಿಯೂ ಇರಲಿಲ್ಲ. ಬಯಲೆಲ್ಲ ಕೇಳುವ ಹಾಗೆ ನಗುತ್ತಾ ಆಕಾಶ ನೋಡಿ, ಅತ್ತೆ, ನೋಡಿದ್ಯಾ ಎಂದಳು.

ಎಲೆ ಖಾಲಿಯಾಯಿತು. ಮೊದಲು ಬಂದ ಕಾಗೆ ಮಾತ್ರ ಹೋಗದೆ ಬಂಡೆಯ ಮೇಲೆ ನಿಂತು ಭಾರತಮ್ಮನನ್ನೇ ನೋಡುತ್ತಿತ್ತು.

"ಇನ್ನೊಂದ್ ಮುದ್ದೆ ತಗೊಂಬಾರೇ ಚಂದನಾ" ಎಂದಳು ಭಾರತಮ್ಮ, ಕಣ್ಣೊರೆಸಿಕೊಳ್ಳುತ್ತಾ. "ಎಂಬತ್ತು ವರ್ಷದ ಹಸಿವು ಕಣೇ ಹುಡ್ಗಂದು."